ಬೆಂಗಳೂರಿನ ಫ್ಲ್ಯಾಟ್‌ನಲ್ಲಿ ಸಮುದ್ರದ ಮೀನು: ಮೊದಲು ಏನು ಕೊಳ್ಳಬೇಕು?

ಮೂರನೇ_ಮಹಡಿ

ಎಲ್ಲರಿಗೂ ನಮಸ್ಕಾರ. ಸಿಹಿನೀರಿನ ಮೀನು ಸಾಕಿ ಅಭ್ಯಾಸವಿದೆ. ಗಪ್ಪಿ, ಏಂಜೆಲ್, ಜೊತೆಗೆ ಒಂದಿಷ್ಟು ಗಿಡ. ಈಗ ಉಪ್ಪುನೀರಿನ ಕಡೆ ಮನಸ್ಸು ಹೋಗಿದೆ. ಮಗಳಿಗೆ ಕಿತ್ತಳೆ ಬಣ್ಣದ ಕ್ಲೌನ್ ಫಿಶ್ ಬೇಕಂತೆ, ನನಗೆ ನೀಲಿ ಟ್ಯಾಂಗ್ ಬೇಕು. ಮನೆ ಬೆಂಗಳೂರಿನಲ್ಲಿ, ಮೂರನೇ ಮಹಡಿ. ಟ್ಯಾಂಕ್ 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ ಎಂದು ಯೋಚಿಸಿದ್ದೇನೆ.

ಅಂಗಡಿಯವರು ಪಟ್ಟಿ ಬರೆದುಕೊಟ್ಟಿದ್ದಾರೆ: ಟ್ಯಾಂಕ್, ದೀಪ, ಸ್ಕಿಮ್ಮರ್ (ಕೊಳೆಯನ್ನು ನೊರೆಯಾಗಿ ತೆಗೆಯುವ ಯಂತ್ರವಂತೆ), 15 ಕಿಲೋ ‘ಜೀವಂತ ಕಲ್ಲು’, ಎರಡು ತುಂಡು ಹವಳ, ಒಂದು ಅನಿಮೋನ್ (ಕ್ಲೌನ್ ಮೀನು ಮನೆ ಮಾಡಿಕೊಳ್ಳುವ ಹೂವಿನಂಥ ಪ್ರಾಣಿ), ಎರಡು ಕ್ಲೌನ್, ಒಂದು ಟ್ಯಾಂಗ್. ಈ ಶನಿವಾರ ನೀರು ತುಂಬಿಸಿದರೆ ಮುಂದಿನ ಶನಿವಾರ ಮೀನು ಬಿಡಬಹುದು ಎನ್ನುತ್ತಾರೆ. ಇದರಲ್ಲಿ ಮೊದಲು ಯಾವುದನ್ನು ಕೊಳ್ಳಲಿ?

ಕಲ್ಲುನೀರು

ಪಟ್ಟಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಳ್ಳಿ. ಅದರಲ್ಲಿ ಅರ್ಧ ಈಗ ಬೇಡ, ಇನ್ನು ಕೆಲವು ಯಾವತ್ತೂ ಬೇಡ.

ಹವಳದಿಂದ ಶುರು ಮಾಡೋಣ. ದಿಬ್ಬ ಕಟ್ಟುವ ಎಲ್ಲ ಕಲ್ಲುಹವಳಗಳು, ಕರಿ ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಸಮುದ್ರ ಬೀಸಣಿಗೆಗಳು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ ಸೇರಿದವು. ಕಡಲಕುದುರೆಗಳೂ ಅದೇ ಸಲ ಸೇರಿದವು. ಹುಲಿ, ಆನೆ ಇರುವ ಪಟ್ಟಿ ಅದು. ಮನೆಯಲ್ಲಿಟ್ಟುಕೊಂಡು ಸಿಕ್ಕಿಬಿದ್ದರೆ 3ರಿಂದ 7 ವರ್ಷ ಸೆರೆವಾಸಕ್ಕೆ ಕಾಯ್ದೆಯಲ್ಲಿ ಅವಕಾಶವಿದೆ. ಅಂಗಡಿಯಲ್ಲಿ ರಾಜಾರೋಷವಾಗಿ ಮಾರುತ್ತಾರೆ ಎಂಬ ಕಾರಣಕ್ಕೆ ಅದು ಕಾನೂನುಬದ್ಧವಾಗುವುದಿಲ್ಲ. ‘ಜೀವಂತ ಕಲ್ಲು’ ಎಂದು ಅವರು ತೂಗಿ ಕೊಡುವುದು ಬಹುಮಟ್ಟಿಗೆ ಸತ್ತ ಹವಳದ ಅಸ್ಥಿಯೇ. ಅದರ ಬದಲು ಸೆರಾಮಿಕ್ ಕಲ್ಲು ಅಥವಾ ಸಿಮೆಂಟಿನಲ್ಲಿ ಎರಕ ಹೊಯ್ದ ರಂಧ್ರಭರಿತ ಕಲ್ಲು ಸಿಗುತ್ತದೆ. ಬ್ಯಾಕ್ಟೀರಿಯಾಗಳಿಗೆ ಬೇಕಾದದ್ದು ಆ ರಂಧ್ರಗಳು ಮಾತ್ರ.

ಅನಿಮೋನ್ ಬೇಡ. ಅದಕ್ಕೆ ಹಳೆಯ, ಹದಗೊಂಡ ಟ್ಯಾಂಕ್ ಮತ್ತು ಬಲವಾದ ಬೆಳಕು ಬೇಕು. ಇಷ್ಟವಾಗದಿದ್ದರೆ ರಾತ್ರೋರಾತ್ರಿ ನಡೆದುಹೋಗಿ ಪಂಪಿನ ಬಾಯಿಗೆ ಸಿಕ್ಕಿ ಚೂರಾಗುತ್ತದೆ, ಟ್ಯಾಂಕಿನ ನೀರನ್ನೆಲ್ಲ ಕೆಡಿಸುತ್ತದೆ. ಅದಿಲ್ಲದೆಯೂ ಕ್ಲೌನ್ ಮೀನುಗಳು ಆರಾಮವಾಗಿ ಬದುಕುತ್ತವೆ.

ನೀಲಿ ಟ್ಯಾಂಗ್ ಕೈಬಿಡಿ. ಅಂಗಡಿಯಲ್ಲಿ ಬೆರಳುದ್ದವಿರುವ ಮೀನು ಬೆಳೆದರೆ ಸುಮಾರು 30 ಸೆಂಟಿಮೀಟರ್. ನಿಮ್ಮ ಟ್ಯಾಂಕಿನ ಅಗಲವೇ 45 ಸೆಂಟಿಮೀಟರ್. ತಿರುಗಿ ನಿಲ್ಲಲು ಜಾಗವೆಲ್ಲಿದೆ?

ಇನ್ನು ನಿಮ್ಮ ಪ್ರಶ್ನೆ. ಮೊದಲು ಕೊಳ್ಳಬೇಕಾದದ್ದು ಪಟ್ಟಿಯಲ್ಲೇ ಇಲ್ಲ: ನೀರು. ಯಾವ ನೀರು ಬಳಸುತ್ತೀರಿ, ವಾರ ವಾರ ಅದನ್ನು ಎಲ್ಲಿಂದ ತರುತ್ತೀರಿ, ಎಲ್ಲಿಡುತ್ತೀರಿ? ಇದಕ್ಕೆ ಉತ್ತರ ಸಿಕ್ಕಿದ ಮೇಲೆ ಗಾಜಿನ ಮಾತು.

ಉಳ್ಳಾಲದವ

ನೀರಿಗೆ ಯಾಕಿಷ್ಟು ಚಿಂತೆ? ನನ್ನ ಟ್ಯಾಂಕಿಗೆ ಅರಬ್ಬಿ ಸಮುದ್ರವೇ ನೀರು ಕೊಡುತ್ತದೆ, ಬಿಲ್ ಕೊಡುವುದಿಲ್ಲ. ಬೋಟಿಗೆ ಹೋಗುವ ಗೆಳೆಯನ ಕೈಗೆ 20 ಲೀಟರಿನ ಕ್ಯಾನುಗಳನ್ನು ಕೊಟ್ಟರೆ ಹೊರಗಡಲಿನ ತಿಳಿನೀರು ತುಂಬಿಸಿಕೊಂಡು ಬರುತ್ತಾನೆ.

ಬೋಟುಗಳು ನಿಲ್ಲುವ ದಕ್ಕೆಯ ಪಕ್ಕದ ನೀರನ್ನು ಮಾತ್ರ ಮುಟ್ಟಬೇಡಿ, ಅದರಲ್ಲಿ ಡೀಸೆಲ್ ಇರುತ್ತದೆ. ಅಳಿವೆಯ ಹತ್ತಿರದ್ದೂ ಆಗದು. ನೇತ್ರಾವತಿ, ಗುರುಪುರ ನದಿಗಳು ಇಲ್ಲಿ ಒಟ್ಟಿಗೆ ಕಡಲು ಸೇರುತ್ತವೆ. ಮಳೆಗಾಲದ ಆಟಿ ತಿಂಗಳಲ್ಲಿ ದಡದಲ್ಲಿ ನಿಂತು ನೋಡಿದರೆ ಕೆಂಪು ನೀರಿನ ಪಟ್ಟಿ ಕಡಲಿನೊಳಗೆ ದೂರದವರೆಗೆ ಚಾಚಿರುವುದು ಕಣ್ಣಿಗೇ ಕಾಣುತ್ತದೆ. ಆ ನೀರಿನ ಉಪ್ಪು ಅಳೆದರೆ ಸಮುದ್ರದ ಲೆಕ್ಕಕ್ಕೆ ಬರುವುದೇ ಇಲ್ಲ.

ಕಲ್ಲುನೀರು

ಉಳ್ಳಾಲದವರೇ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲವಲ್ಲ, ಆಗ ಏನು ಮಾಡುತ್ತೀರಿ?

ಉಳ್ಳಾಲದವ

ಮೇ ಕೊನೆಯಲ್ಲೇ ಡ್ರಮ್ ತುಂಬಿಸಿಟ್ಟುಕೊಳ್ಳುತ್ತೇನೆ ಅಕ್ಕ. ಬಟ್ಟೆಯಲ್ಲಿ ಸೋಸಿ, ಮುಚ್ಚಿ, ಕತ್ತಲಲ್ಲಿ ಎರಡು ವಾರ ಬಿಟ್ಟರೆ ಅದರಲ್ಲಿರುವ ಸೂಕ್ಷ್ಮಜೀವಿಗಳು ಸತ್ತು ತಳಕ್ಕಿಳಿಯುತ್ತವೆ. ಮೇಲಿನ ತಿಳಿಯನ್ನು ಮಾತ್ರ ತೆಗೆದು, ಗಾಳಿ ಆಡಿಸಿ ಬಳಸುವುದು. ಅವಸರವಿದ್ದರೆ ಕ್ಲೋರಿನ್ ಹಾಕಿ, ಮರುದಿನ ಹೈಪೋ (ಸೋಡಿಯಂ ಥಯೋಸಲ್ಫೇಟ್) ಹಾಕಿ ಕ್ಲೋರಿನ್ ತೆಗೆಯುತ್ತೇನೆ. ಆಗಸ್ಟಿನಲ್ಲಿ ನೀರು ಸಾಕಾಗದಿದ್ದರೆ ನಾನೂ ಪ್ಯಾಕೆಟ್ ಉಪ್ಪಿಗೇ ಶರಣು.

ಕಲ್ಲುನೀರು

ಕರಾವಳಿಯವರಿಗೆ ಸರಿ. ಘಟ್ಟ ಹತ್ತಿಸಿ 350 ಕಿಲೋಮೀಟರ್ ನೀರು ಹೊರುವ ಸಾಹಸ ಬೆಂಗಳೂರಿನವರಿಗೆ ಬೇಡ. ಅಕ್ವೇರಿಯಂಗೆಂದೇ ತಯಾರಿಸಿದ ಉಪ್ಪಿನ ಮಿಶ್ರಣ ಕೊಳ್ಳಿ. ಸಮುದ್ರದ ನೀರಿನ ಒಂದು ಲೀಟರಿನಲ್ಲಿ ಒಟ್ಟು ಲವಣ ಸುಮಾರು 35 ಗ್ರಾಂ. ಅದರಲ್ಲಿ ಅಡುಗೆ ಉಪ್ಪಿನ ಅಂಶವೇ ಹೆಚ್ಚು ಎನ್ನುವುದು ನಿಜ, ಆದರೆ ಜೊತೆಗೆ ಸುಮಾರು 1,300 ಮಿಲಿಗ್ರಾಂ ಮೆಗ್ನೀಸಿಯಂ, 400ಕ್ಕೂ ಹೆಚ್ಚು ಮಿಲಿಗ್ರಾಂ ಕ್ಯಾಲ್ಸಿಯಂ, ಅದಕ್ಕೆ ಸಮೀಪದಷ್ಟು ಪೊಟ್ಯಾಸಿಯಂ, ಸಲ್ಫೇಟ್, ಬೈಕಾರ್ಬನೇಟ್ ಎಲ್ಲ ಇರುತ್ತವೆ. ಆದ್ದರಿಂದ ಕಲ್ಲುಪ್ಪು ಕರಗಿಸಿದರೆ ಸಮುದ್ರವಾಗುವುದಿಲ್ಲ. ಯಾರಾದರೂ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ, ಮೊದಲೇ ಹೇಳಿಬಿಟ್ಟೆ.

ಮೂರನೇ_ಮಹಡಿ

ಅದನ್ನು ಕೇಳಬೇಕೆಂದೇ ಬಂದಿದ್ದೆ ಮೇಡಂ!

ನಮ್ಮಲ್ಲಿ ಕಾವೇರಿ ಮತ್ತು ಬೋರ್‌ವೆಲ್ ನೀರು ಬೆರೆತು ಬರುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್. ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಅಳತೆ) 900 ದಾಟುತ್ತದೆ. ಅಡುಗೆಮನೆಯ ಆರ್‌ಓ ಯಂತ್ರದಿಂದ ಬರುವ ನೀರು 60 ತೋರಿಸುತ್ತದೆ. ಅದು ಸಾಕಲ್ಲವೇ? ಇನ್ನೊಂದು ವಿಷಯ: ತೂಕ. ಮನೆ ಮಾಲೀಕರು “ಮಹಡಿ ಕುಸಿದರೆ ಯಾರು ಹೊಣೆ” ಎನ್ನುತ್ತಿದ್ದಾರೆ. ಸ್ಟ್ಯಾಂಡನ್ನು ಬೀದಿಯ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಬಹುದೇ?

ಕಬ್ಬಿಣ_ಸಿಮೆಂಟ್

ತೂಕದ ಮಾತು ಬಂದಿದ್ದರಿಂದ ಒಳಗೆ ಬಂದೆ, ಮೀನಿನ ಗಂಧ ನನಗಿಲ್ಲ.

ನಿಮ್ಮ ಅಳತೆಗೆ ಅಂಚಿನವರೆಗೆ ತುಂಬಿದರೆ ಸುಮಾರು 185 ಲೀಟರ್. ಉಪ್ಪುನೀರು ಸಿಹಿನೀರಿಗಿಂತ ತುಸು ಭಾರ, ಸುಮಾರು 190 ಕಿಲೋ ಎನ್ನಿ. ಗಾಜು, ಕಲ್ಲು, ಮರಳು, ಸ್ಟ್ಯಾಂಡ್ ಸೇರಿ 280ರಿಂದ 300 ಕಿಲೋ. ಅದು ಕೂರುವ ಜಾಗ 0.4 ಚದರ ಮೀಟರ್. ವಾಸದ ಕೋಣೆಗಳಿಗೆ ಕಟ್ಟಡದ ಭಾರಗಳ ಭಾರತೀಯ ಮಾನದಂಡವಾದ ಐಎಸ್ 875ರ ಪ್ರಕಾರ ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 200 ಕಿಲೋ. ಟ್ಯಾಂಕಿನ ಕೆಳಗೆ ಅದಕ್ಕಿಂತ ಬಹಳ ಹೆಚ್ಚಾಯಿತಲ್ಲ ಎಂದು ಗಾಬರಿಯಾಗಬೇಡಿ. ಆ ಅಂಕಿ ಇಡೀ ಕೋಣೆಗೆ ಹರಡಿದ ಭಾರದ್ದು; ಪುಸ್ತಕ ತುಂಬಿದ ಬೀರುವೂ ಇದೇ ರೀತಿ ಒಂದು ಮೂಲೆಯಲ್ಲಿ ಭಾರ ಹಾಕುತ್ತದೆ. ಸುಸ್ಥಿತಿಯಲ್ಲಿರುವ ಆರ್‌ಸಿಸಿ ಕಟ್ಟಡದಲ್ಲಿ, ತೊಲೆಯ ಮೇಲೆ ಕಟ್ಟಿದ ಗೋಡೆಗೆ ಒತ್ತಿ ಇಟ್ಟರೆ ಈ ಗಾತ್ರದ ಟ್ಯಾಂಕ್ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಕೋಣೆಯ ನಡುವೆ ಬೇಡ, ಬಾಲ್ಕನಿಯಲ್ಲಂತೂ ಬೇಡವೇ ಬೇಡ. ಕಟ್ಟಡ ಹಳೆಯದಾಗಿದ್ದರೆ, ಸ್ಲ್ಯಾಬಿನಲ್ಲಿ ಬಿರುಕು, ತುಕ್ಕಿನ ಕಲೆ ಇದ್ದರೆ ಒಬ್ಬ ಎಂಜಿನಿಯರನ್ನು ಕರೆದು ತೋರಿಸಿ. ಮಾಲೀಕರಿಗೂ ನೆಮ್ಮದಿ.

ಸ್ಟ್ಯಾಂಡ್: ಕಬ್ಬಿಣ ಬಲವಾಗಿರುತ್ತದೆ, ಆದರೆ ಉಪ್ಪಿನ ತೇವಕ್ಕೆ ಬೆಸುಗೆಯ ಜಾಗದಲ್ಲೇ ಮೊದಲು ತುಕ್ಕು ಏಳುತ್ತದೆ. ಮಾಡಿಸುವುದಾದರೆ ಪೌಡರ್ ಕೋಟಿಂಗ್ ಮಾಡಿಸಿ. ಮರದ್ದಾದರೆ ಐಎಸ್ 710 ಗುರುತಿನ ಮರೈನ್ ಪ್ಲೈವುಡ್ ಮಾತ್ರ. ಟ್ಯಾಂಕಿನ ಕೆಳಗೆ ಫೋಮ್ ಹಾಳೆ ಹಾಕಿ, ನಾಲ್ಕೂ ಮೂಲೆ ಸಮಮಟ್ಟದಲ್ಲಿದೆಯೇ ಎಂದು ರಸಮಟ್ಟ ಇಟ್ಟು ನೋಡಿ.

ಮೀನಿಗಿಂತ ನಿಮ್ಮ ಜೀವ ದೊಡ್ಡದು, ಅದಕ್ಕೆ ಇನ್ನೊಂದು ಮಾತು. ಆ ಸಾಲಿಗೆ, ವಿದ್ಯುತ್ ಸೋರಿದ ಕೂಡಲೇ ಕರೆಂಟ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ. ಪ್ರತಿ ವೈರೂ ಸಾಕೆಟ್ಟಿಗಿಂತ ಕೆಳಗೆ ಜೋತು, ಆಮೇಲೆ ಮೇಲೆ ಹೋಗಿ ಸೇರುವಂತಿರಲಿ. ಆಗ ವೈರಿನ ಗುಂಟ ಇಳಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ. ಟ್ಯಾಂಕಿನ ಕೆಳಗೇ ಎಕ್ಸ್‌ಟೆನ್ಷನ್ ಬಾಕ್ಸನ್ನು ನೆಲಕ್ಕಿಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ಕಲ್ಲುನೀರು

ಗಂಧ ಇಲ್ಲದವರೇ ಅತ್ಯಂತ ಉಪಯುಕ್ತ ಮಾತು ಹೇಳಿದ್ದೀರಿ.

ಮೂರನೇ ಮಹಡಿಯವರೇ, ನಿಮ್ಮ ಅಡುಗೆಮನೆಯ ಆರ್‌ಓ ಸಾಲದು. ಕುಡಿಯುವ ನೀರಿಗೆ ರುಚಿ ಬರಲೆಂದು ಆ ಯಂತ್ರಗಳು ಒಂದಿಷ್ಟು ಖನಿಜವನ್ನು ಬೇಕೆಂದೇ ಉಳಿಸುತ್ತವೆ ಅಥವಾ ಬೆರೆಸುತ್ತವೆ. ಆ 60ರಲ್ಲಿ ನೈಟ್ರೇಟ್ ಎಷ್ಟು, ಫಾಸ್ಫೇಟ್ ಎಷ್ಟು, ಸಿಲಿಕೇಟ್ ಎಷ್ಟು ಎಂದು ಮೀಟರ್ ಹೇಳುವುದಿಲ್ಲ. ಅವು ಪಾಚಿಗೆ ಹಬ್ಬದೂಟ. ಆರ್‌ಓ ಆದ ಮೇಲೆ, ಉಳಿದ ಲವಣವನ್ನೂ ಹೀರಿಕೊಳ್ಳುವ ಡಿಐ ರೆಸಿನ್ ಇರುವ ಒಂದು ನಳಿಕೆ ಜೋಡಿಸಿ, ಮೀಟರ್ 0 ತೋರಿಸಬೇಕು. ಮುಂದೆ ಅದು 2, 3 ಎನ್ನಲು ಶುರುವಾದರೆ ರೆಸಿನ್ ಬದಲಿಸುವ ಕಾಲ ಬಂತೆಂದು ತಿಳಿಯಿರಿ. ಕಾವೇರಿ ನೀರಿನ ಕ್ಲೋರಿನ್ ಆರ್‌ಓ ಪೊರೆಯನ್ನು ಹಾಳುಮಾಡುತ್ತದೆ, ಆದ್ದರಿಂದ ಮೊದಲಿಗೆ ಕಾರ್ಬನ್ ಫಿಲ್ಟರ್ ಇರಲೇಬೇಕು. ಹೊರಹೋಗುವ ನೀರನ್ನು ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ. ಟ್ಯಾಂಕರಿನ ದಿನಗಳಲ್ಲಿ ಅದನ್ನು ಚರಂಡಿಗೆ ಬಿಟ್ಟರೆ ಮನೆಯವರು ಮೊದಲು ನಿಮ್ಮನ್ನೇ ಹೊರಗೆ ಹಾಕುತ್ತಾರೆ.

ಉಪ್ಪು ಬೆರೆಸುವುದು ಬೇರೆ ಡ್ರಮ್ಮಿನಲ್ಲಿ. ನೀರಿಗೆ ಉಪ್ಪನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ, ಪಂಪ್ ತಿರುಗಿಸಿ ರಾತ್ರಿಯಿಡೀ ಬಿಡಿ. ಮೀನಿರುವ ಟ್ಯಾಂಕಿಗೆ ನೇರವಾಗಿ ಉಪ್ಪು ಸುರಿಯುವುದು ಯಾವ ಕಾಲಕ್ಕೂ ಇಲ್ಲ. ಗುರಿ 35 ಪಿಪಿಟಿ (ಸಾವಿರ ಭಾಗದಲ್ಲಿ 35 ಭಾಗ ಲವಣ), ಅಂದರೆ 25 ಡಿಗ್ರಿಯಲ್ಲಿ ಸಾಪೇಕ್ಷ ಸಾಂದ್ರತೆ ಸುಮಾರು 1.026.

ಅಳೆಯಲು, ಬೆಳಕು ಎಷ್ಟು ಬಾಗುತ್ತದೆಂದು ನೋಡಿ ಉಪ್ಪು ತಿಳಿಸುವ ರಿಫ್ರ್ಯಾಕ್ಟೋಮೀಟರ್ ಕೊಳ್ಳಿ. ಶುದ್ಧ ನೀರಿನಲ್ಲಿ ಸೊನ್ನೆಗೆ ತಿರುಗಿಸಿಟ್ಟರೆ ಸಾಲದು, 35ರ ಹತ್ತಿರ ಅದು ಸರಿ ಹೇಳುತ್ತದೆಯೇ ಎನ್ನುವುದೇ ಮುಖ್ಯ. ಪ್ರಯೋಗಾಲಯದ ಶುದ್ಧ ಸೋಡಿಯಂ ಕ್ಲೋರೈಡ್ 36.5 ಗ್ರಾಂ, ಶುದ್ಧ ನೀರು 963.5 ಗ್ರಾಂ, ಎರಡನ್ನೂ ತೂಗಿ ಬೆರೆಸಿದರೆ ಆ ದ್ರಾವಣ ಬೆಳಕನ್ನು 35 ಪಿಪಿಟಿಯ ಸಮುದ್ರದ ನೀರಿನಷ್ಟೇ ಬಾಗಿಸುತ್ತದೆ. ಅದರ ಎರಡು ಹನಿ ಗಾಜಿನ ಮೇಲೆ ಬಿಟ್ಟು, ಮುಚ್ಚಳ ಒತ್ತಿ, ಕಿಟಕಿಯ ಕಡೆ ಹಿಡಿದು ನೋಡಿ. ನೀಲಿ ಮತ್ತು ಬಿಳಿ ಸೇರುವ ಗೆರೆ 35ರ ಮೇಲೆ ಕೂರದಿದ್ದರೆ ತಲೆಯ ಮೇಲಿನ ಪುಟ್ಟ ಸ್ಕ್ರೂ ತಿರುಗಿಸಿ ಕೂರಿಸಿ.

ಮೂರನೇ_ಮಹಡಿ

ಸರಿ. ಗಾಜು, ನೀರು, ಕಲ್ಲು ಎಲ್ಲ ಕೂತ ಮೇಲೆ ಎಷ್ಟು ಕಾಯಬೇಕು? ಅಂಗಡಿಯವರ ಒಂದು ವಾರ ಸುಳ್ಳೇ?

ಕಲ್ಲುನೀರು

ಆತುರಗಾರನಿಗೆ ಬುದ್ಧಿ ಮಟ್ಟ. ನಾಲ್ಕರಿಂದ ಆರು ವಾರ ಇಟ್ಟುಕೊಳ್ಳಿ.

ಸಿಹಿನೀರಿನಲ್ಲಿ ಇದನ್ನು ಮಾಡಿರುತ್ತೀರಿ, ತತ್ತ್ವ ಅದೇ. ಮೀನಿನ ಕಿವಿರಿನಿಂದ, ಕೊಳೆತ ಆಹಾರದಿಂದ ಅಮೋನಿಯಾ ಬರುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ಈ ಎರಡೂ ಪಂಗಡ ಕಲ್ಲಿನಲ್ಲಿ ನೆಲೆಯೂರುವವರೆಗೆ ಕಾಯಬೇಕು. ಸಮುದ್ರದ ನೀರಿನ ಪಿಎಚ್ ಹೆಚ್ಚು, ಸುಮಾರು 8.1ರಿಂದ 8.3. ಆ ಪಿಎಚ್‌ನಲ್ಲಿ ಅಮೋನಿಯಾದ ವಿಷಕಾರಿ ರೂಪದ ಪಾಲು ಜಾಸ್ತಿ. ಆದ್ದರಿಂದ ಗಪ್ಪಿ ಟ್ಯಾಂಕಿನಲ್ಲಿ ನಡೆದುಹೋಗುವ ಅಡ್ಡಾದಿಡ್ಡಿ ಇಲ್ಲಿ ನಡೆಯುವುದಿಲ್ಲ.

‘ಗಟ್ಟಿ ಮೀನು’ ಎಂದು ಡ್ಯಾಮ್ಸೆಲ್ ಬಿಟ್ಟು ಟ್ಯಾಂಕ್ ಹದ ಮಾಡುವ ಹಳೆಯ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಮೀನಿಗೆ ಹಿಂಸೆ, ಬದುಕಿ ಉಳಿದರೆ ಉಳಿದವರಿಗೆಲ್ಲ ಅದೇ ರೌಡಿ. ಮೀನಿಲ್ಲದೆಯೇ ಮಾಡಿ. ಅಮೋನಿಯಂ ಕ್ಲೋರೈಡ್, ನಮ್ಮ ಹಳೆಯ ನವಸಾಗರ, ಸಾಕು. ಪಾತ್ರೆಗೆ ಕಲಾಯಿ ಹಾಕುವವರ ಬಳಿ ಸಿಗುವ ಗಟ್ಟಿ ಬೇಡ, ಅದರಲ್ಲಿ ಕಲಬೆರಕೆ ಇರಬಹುದು. ಪ್ರಯೋಗಾಲಯದ ಸಾಮಗ್ರಿ ಮಾರುವಲ್ಲಿ ಶುದ್ಧವಾದದ್ದನ್ನು ಕೊಳ್ಳಿ. ಕಲ್ಲು, ಮರಳು ಕೂತ ಮೇಲೆ ನಿಮ್ಮ ಟ್ಯಾಂಕಿನಲ್ಲಿ ನೀರು 160 ಲೀಟರ್ ಉಳಿಯಬಹುದು. ಅದಕ್ಕೆ 1 ಗ್ರಾಂ ಹಾಕಿದರೆ ಅಮೋನಿಯಾ ಸುಮಾರು 2 ಪಿಪಿಎಂ (ಹತ್ತು ಲಕ್ಷಕ್ಕೆ 2 ಭಾಗ). ಬಾಟಲಿ ಬ್ಯಾಕ್ಟೀರಿಯಾ ಸೇರಿಸಿದರೆ ಬೇಗ ಆಗುತ್ತದೆ.

ದಿನ ಬಿಟ್ಟು ದಿನ ಅಮೋನಿಯಾದ ಟೆಸ್ಟ್ ಕಿಟ್‌ನಿಂದ ಅಳೆಯಿರಿ. ಮೊದಲು ಕೊಳವೆಯಲ್ಲಿ ಕಡು ಹಸಿರು ಬರುತ್ತದೆ, ದಿನ ಕಳೆದಂತೆ ಅದು ಹಳದಿಗೆ ತಿರುಗುತ್ತದೆ. ಅಷ್ಟಕ್ಕೇ ಕುಣಿಯಬೇಡಿ, ಆಗ ನೈಟ್ರೈಟ್ ಏರಿರುತ್ತದೆ. ಅದೂ ಇಳಿದು, ಮತ್ತೆ 1 ಗ್ರಾಂ ಹಾಕಿದಾಗ ಮರುದಿನವೇ ಎರಡೂ ಸೊನ್ನೆ ಬಂದರೆ ಟ್ಯಾಂಕ್ ಸಿದ್ಧ.

ಸ್ಕಿಮ್ಮರನ್ನು ಆಗ ಶುರು ಮಾಡಿ. ಬೇಳೆ ಬೇಯುವಾಗ ಮೇಲೆ ಬರುವ ನೊರೆಯನ್ನು ಸೌಟಿನಲ್ಲಿ ತೆಗೆಯುತ್ತೇವಲ್ಲ, ಅದರ ಕೆಲಸ ಅಷ್ಟೇ. ಉಪ್ಪುನೀರಿನಲ್ಲಿ ಗುಳ್ಳೆಗಳು ತೀರಾ ಸಣ್ಣದಾಗಿ ಉಳಿಯುವುದರಿಂದ ಪ್ರೋಟೀನ್ ಕೊಳೆ ಅವಕ್ಕೆ ಅಂಟಿ ಮೇಲೇಳುತ್ತದೆ. ಕಪ್ಪಿನಲ್ಲಿ ಕೂಡುವ ಕಂದು ರಸವನ್ನು ಎರಡು ಮೂರು ದಿನಕ್ಕೊಮ್ಮೆ ಚೆಲ್ಲಿ. ವಾಸನೆಯ ವಿಷಯ ಈಗಲೇ ಹೇಳಿ ಹೆದರಿಸುವುದಿಲ್ಲ.

ಸಿಹಿನೀರು

ಎಲ್ಲ ಓದಿದೆ. ಒಂದು ತಕರಾರು. ಕಡಲಿನಲ್ಲಿ ಹಾಯಾಗಿರುವ ಮೀನನ್ನು ಹಿಡಿದು ತಂದು, ಬಯಲುಸೀಮೆಯ ಮೂರನೇ ಮಹಡಿಯಲ್ಲಿ ಉಪ್ಪು ತೂಗಿ ತೂಗಿ ಸಾಕುವ ಗರಜು ಏನು? ಫಿಲಿಪ್ಪೀನ್ಸ್, ಇಂಡೋನೇಷ್ಯಾಗಳಲ್ಲಿ ಸೋಡಿಯಂ ಸಯನೈಡ್ ಚಿಮ್ಮಿಸಿ ಮೀನಿಗೆ ಮಂಪರು ತರಿಸಿ ಹಿಡಿಯುತ್ತಿದ್ದ ಕಥೆ ಎಲ್ಲರಿಗೂ ಗೊತ್ತು. ಸುತ್ತಲಿನ ಹವಳವೂ ಸಾಯುತ್ತದೆ, ಮೀನೂ ವಾರಗಳಲ್ಲಿ ಸಾಯುತ್ತದೆ. ನೋಡಲೇಬೇಕೆಂದಿದ್ದರೆ ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ ಹೋಗಿ, ಮುಳುಗಿ ನೋಡಿ ಬನ್ನಿ.

ಕಲ್ಲುನೀರು

ತಕರಾರು ಸರಿಯಾದದ್ದೇ. ಆದ್ದರಿಂದಲೇ ನಾನು ಕ್ಲೌನ್ ಮೀನಿನ ಪರ. ಇದು ತೊಟ್ಟಿಯಲ್ಲೇ ಮೊಟ್ಟೆಯಿಟ್ಟು, ಮರಿಯಾಗಿ, ಅಲ್ಲೇ ಬೆಳೆಯುವ ಮೀನು. ಕೊಚ್ಚಿಯಲ್ಲಿ ಮುಖ್ಯ ಕಚೇರಿಯಿರುವ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ವಿಳಿಂಜಂ, ಮಂಡಪಂ ಕೇಂದ್ರಗಳಲ್ಲಿ ಕ್ಲೌನ್ ಮತ್ತು ಡ್ಯಾಮ್ಸೆಲ್ ಮೀನುಗಳ ಮರಿ ಮಾಡಿಸುವ ವಿಧಾನವನ್ನು ರೂಪಿಸಿದೆ. ಅದೇ ಸಂಸ್ಥೆಯ ಕೇಂದ್ರಗಳು ಮಂಗಳೂರು, ಕಾರವಾರಗಳಲ್ಲೂ ಇವೆ. ಅಂಗಡಿಯಲ್ಲಿ “ಇದು ಸಾಕಣೆಯದೋ, ಹಿಡಿದದ್ದೋ” ಎಂದು ಕೇಳಿ. ತಡವರಿಸಿದರೆ ಹೊರಬನ್ನಿ. ಹರಳು ಆಹಾರ (ಪೆಲೆಟ್) ಹಾಕಿಸಿ ನೋಡಿ. ಸಾಕಣೆಯ ಮರಿ ಸಾಮಾನ್ಯವಾಗಿ ಮುಗಿಬಿದ್ದು ತಿನ್ನುತ್ತದೆ, ಕಡಲಿನಿಂದ ಬಂದದ್ದು ಮೂಸಿಯೂ ನೋಡದಿರಬಹುದು.

ಒಂದು ಸ್ವಾರಸ್ಯ: ಕ್ಲೌನ್ ಮರಿಗಳೆಲ್ಲ ಗಂಡಾಗಿಯೇ ಬೆಳೆಯುತ್ತವೆ. ಎರಡನ್ನು ಒಟ್ಟಿಗೆ ಬಿಟ್ಟರೆ ಜೋರಿನದು ಹೆಣ್ಣಾಗುತ್ತದೆ, ಮತ್ತೊಂದು ಗಂಡಾಗಿಯೇ ಉಳಿಯುತ್ತದೆ. ಅಂಗಡಿಯಲ್ಲಿ ಗಂಡು ಹೆಣ್ಣು ಜೋಡಿ ಎಂದು ಹೆಚ್ಚು ದುಡ್ಡು ಕೇಳಿದರೆ ಕೊಡಬೇಡಿ, ಗಾತ್ರದಲ್ಲಿ ಒಂದು ದೊಡ್ಡದು ಒಂದು ಚಿಕ್ಕದು ಆರಿಸಿದರೆ ಸಾಕು. ಮನೆಯಲ್ಲಿ ಅವೇ ತೀರ್ಮಾನಿಸಿಕೊಳ್ಳುತ್ತವೆ. ಮಗಳಿಗೆ ಇದನ್ನು ವಿವರಿಸುವ ಹೊಣೆ ನಿಮ್ಮದು.

ಸಿಹಿನೀರು

ಸಾಕಣೆಯದ್ದಾದರೆ ನನ್ನ ತಕರಾರು ಅರ್ಧಕ್ಕಿಳಿಯಿತು. ಇನ್ನರ್ಧ ಹಾಗೇ ಇರಲಿ.

ಎಡಿಸನ್‌ವಾಸಿ

ನ್ಯೂಜೆರ್ಸಿಯಿಂದ. ಇಲ್ಲಿ ಹವಳವನ್ನು ತೊಟ್ಟಿಗಳಲ್ಲೇ ಕತ್ತರಿಸಿ ಸಸಿ ಮಾಡಿ ಮಾರುತ್ತಾರೆ, ಹಾಗಾಗಿ ನನ್ನ ಟ್ಯಾಂಕಿನಲ್ಲಿವೆ. ಹವಳಕ್ಕೆ ಕ್ಯಾಲ್ಸಿಯಂ ಒದಗಿಸಲು ಇಲ್ಲಿಯವರು ‘ಕಾಲ್ಕ್‌ವಾಸರ್’ ಎಂದು ಬಹಳ ಗೌರವದಿಂದ ಕರೆಯುವ ದ್ರವ ನಮ್ಮ ಸುಣ್ಣದ ತಿಳಿನೀರೇ. ಅಜ್ಜಿಯ ಎಲೆ ಅಡಿಕೆಯ ಡಬ್ಬಿಯಲ್ಲಿದ್ದ ಸರಕನ್ನು ಇಲ್ಲಿ ಡಾಲರ್ ಕೊಟ್ಟು ಕೊಳ್ಳುತ್ತಿದ್ದೇನೆ.

ಊರಿನವರಿಗೊಂದು ಎಚ್ಚರಿಕೆ. ಝೋಯಾಂಥಿಡ್ ಎಂಬ ಹೂವಿನಾಕಾರದ ಪ್ರಾಣಿಗಳು ಕಲ್ಲಿನ ಜೊತೆ ಬಂದುಬಿಡುತ್ತವೆ. ಅವುಗಳಲ್ಲಿ ಕೆಲವು ಜಾತಿಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಕಲ್ಲು ಸ್ವಚ್ಛ ಮಾಡಲೆಂದು ಕುದಿಸಿ, ಆ ಹಬೆ ಕುಡಿದು ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳಿವೆ. ಬಳಸಿದ ಕಲ್ಲನ್ನು ಯಾವ ಕಾರಣಕ್ಕೂ ಕುದಿಸಬೇಡಿ, ಬಿಸಿನೀರು ಹೊಯ್ದು ಉಜ್ಜಬೇಡಿ, ಕೈಗೆ ಗ್ಲೌಸ್ ಇಲ್ಲದೆ ಮುಟ್ಟಬೇಡಿ.

ಕಲ್ಲುನೀರು

ಸುಣ್ಣದ ಮಾತು ಚೆನ್ನಾಗಿತ್ತು, ಆದರೆ ಮೀನು ಮಾತ್ರ ಇರುವ ಟ್ಯಾಂಕಿಗೆ ಅದೇನೂ ಬೇಕಿಲ್ಲ. ವಾರಕ್ಕೊಮ್ಮೆ ಹತ್ತನೇ ಒಂದು ಭಾಗ ನೀರು ಬದಲಿಸಿದರೆ ಹೊಸ ಉಪ್ಪಿನಿಂದಲೇ ಎಲ್ಲ ಸಿಗುತ್ತದೆ. ಮೂರನೇ ಮಹಡಿಯವರು ಇದನ್ನು ಓದಿ ಎಲೆ ಅಡಿಕೆಯ ಅಂಗಡಿಗೆ ಓಡಬಾರದು.

ಮೂರನೇ_ಮಹಡಿ

*(ಎರಡು ತಿಂಗಳ ನಂತರ)*

ಮತ್ತೆ ಬಂದೆ. ಟ್ಯಾಂಕ್ ಹದವಾಯಿತು. ನಡುವೆ ಮರಳಿನ ಮೇಲೆ, ಗಾಜಿನ ಮೇಲೆ ಕಂದು ಪುಡಿ ಹರಡಿಕೊಂಡಿತ್ತು, ಈಗ ತಾನಾಗಿಯೇ ಕಡಿಮೆಯಾಗಿದೆ. ಎರಡು ಸಾಕಣೆಯ ಕ್ಲೌನ್ ತಂದು, ರೋಗವಿದ್ದರೆ ತಿಳಿಯಲೆಂದು ಮೊದಲು 40 ಲೀಟರಿನ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಬೇರೆಯಾಗಿ ಇಟ್ಟಿದ್ದೇನೆ. ನಿನ್ನೆ ಚಿಕ್ಕದರ ರೆಕ್ಕೆಯ ಮೇಲೆ ಉಪ್ಪಿನ ಹರಳಿನಷ್ಟು ಬಿಳಿ ಚುಕ್ಕೆಗಳು ಕಂಡವು. ಕಲ್ಲಿಗೆ ಮೈ ಉಜ್ಜುತ್ತಿರುತ್ತದೆ. ಅಂಗಡಿಯವರು ನೀಲಿ ದ್ರವದ ಒಂದು ಬಾಟಲಿ ಕೊಟ್ಟು “ದೊಡ್ಡ ಟ್ಯಾಂಕಿಗೂ ಒಂದು ಮುಚ್ಚಳ ಹಾಕಿಬಿಡಿ, ಮುಂಜಾಗ್ರತೆಗೆ” ಎಂದರು.

ಕಲ್ಲುನೀರು

ಮುಚ್ಚಳ ತೆಗೆಯಬೇಡಿ! ಅದು ತಾಮ್ರ. ದೊಡ್ಡ ಟ್ಯಾಂಕಿಗೆ ಹಾಕಿದರೆ ಕಲ್ಲು, ಮರಳು ಅದನ್ನು ಹೀರಿಕೊಳ್ಳುತ್ತವೆ. ಮುಂದೆ ಅಲ್ಲಿ ಸಿಗಡಿ, ಶಂಖದ ಹುಳು ಬಿಡುವ ಆಸೆಯನ್ನೇ ಬಿಡಬೇಕಾಗುತ್ತದೆ. ಬೆನ್ನೆಲುಬಿಲ್ಲದ ಜೀವಿಗಳಿಗೆ ತಾಮ್ರ ವಿಷ.

ಕಾಣುತ್ತಿರುವುದು ಬಹುಶಃ ಕ್ರಿಪ್ಟೊಕ್ಯಾರಿಯಾನ್, ಸಮುದ್ರದ ಇಕ್ (ಬಿಳಿ ಚುಕ್ಕೆ ರೋಗ) ತರುವ ಪರಜೀವಿ. ಅದರ ಬದುಕು ಗೊತ್ತಾದರೆ ಮದ್ದಿಲ್ಲದೆಯೂ ಸೋಲಿಸಬಹುದು. ಚುಕ್ಕೆಯಾಗಿ ಮೀನಿನ ಮೈಮೇಲೆ ಮೂರರಿಂದ ಏಳು ದಿನ ಇದ್ದು ತಿನ್ನುತ್ತದೆ. ಆಮೇಲೆ ಉದುರಿ ತಳಕ್ಕೆ ಬಿದ್ದು ಗಟ್ಟಿ ಕೋಶ ಕಟ್ಟಿಕೊಳ್ಳುತ್ತದೆ. ಒಳಗೆ ನೂರಾರಾಗಿ ಒಡೆದು, ಕೋಶ ಬಿರಿದು ಹೊರಬಂದು ಮತ್ತೆ ಮೀನು ಹುಡುಕುತ್ತದೆ. ಚುಕ್ಕೆ ಮಾಯವಾದಾಗ “ವಾಸಿಯಾಯಿತು” ಎಂದು ಜನ ಹಬ್ಬ ಮಾಡುವುದು ಈ ನಡುವಿನ ಬಿಡುವಿನಲ್ಲಿ. ಎರಡನೇ ಅಲೆ ಮೀನನ್ನು ಕೊಲ್ಲುತ್ತದೆ.

ಕೋಶದಿಂದ ಹೊರಬರಲು ಅದಕ್ಕೆ ಮೂರು ದಿನವಾದರೂ ಬೇಕು. ಇದೇ ನಮ್ಮ ಆಯುಧ. ಇನ್ನೊಂದು ತೊಟ್ಟಿ, ಇನ್ನೊಂದು ಗಾಳಿ ಪಂಪ್ ತನ್ನಿ. ಹೊಸದಾಗಿ ಬೆರೆಸಿದ ನೀರು, ಅದೇ ಉಷ್ಣತೆ, ಅದೇ ಉಪ್ಪು. ಪ್ರತಿ 72 ಗಂಟೆ ಮುಗಿಯುವುದರೊಳಗೆ ಮೀನನ್ನು ಮಾತ್ರ ಅದಕ್ಕೆ ದಾಟಿಸಿ. ನೀರು, ಬಲೆ, ಕೊಳವೆ ಯಾವುದೂ ಜೊತೆಗೆ ಹೋಗಬಾರದು. ಹಳೆಯ ತೊಟ್ಟಿಯನ್ನು ತೊಳೆದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ. ಹೀಗೆ ನಾಲ್ಕು ಸಲ ದಾಟಿಸಿದರೆ ಉದುರಿದ ಕೋಶಗಳೆಲ್ಲ ಹಿಂದೆ ಉಳಿದು ಸಾಯುತ್ತವೆ. ತೊಟ್ಟಿಯಲ್ಲಿ ಫಿಲ್ಟರ್ ಇಲ್ಲದ್ದರಿಂದ ಆಹಾರ ಕಡಿಮೆ ಹಾಕಿ, ಅಮೋನಿಯಾ ನೋಡುತ್ತಿರಿ.

ದೊಡ್ಡ ಟ್ಯಾಂಕಿಗೆ ರೋಗ ತಗುಲಿದ್ದರೆ ಅದನ್ನು 76 ದಿನ ಮೀನಿಲ್ಲದೆ ಖಾಲಿ ಬಿಡಬೇಕಾಗುತ್ತಿತ್ತು. ಬೇರೆ ಇಟ್ಟಿದ್ದರಿಂದ ಅದು ತಪ್ಪಿತು.

ಆದರೆ ಚುಕ್ಕೆಗಳು ಹರಳಿನಷ್ಟಿಲ್ಲದೆ ನುಣ್ಣನೆಯ ಪುಡಿ ಎರಚಿದ ಹಾಗೆ ಇದ್ದು, ಮೀನು ಮೇಲಕ್ಕೆ ಬಂದು ಏದುಸಿರು ಬಿಡುತ್ತಿದ್ದರೆ ಅದು ವೆಲ್ವೆಟ್ ರೋಗ. ಅದಕ್ಕೆ ಈ ಉಪಾಯ ಸಾಲದು, ತಾಮ್ರವೇ ಬೇಕು. ಆಗಲೂ ತಾಮ್ರದ ಟೆಸ್ಟ್ ಕಿಟ್ ಕೈಯಲ್ಲಿಟ್ಟುಕೊಂಡು, ಈ ತೊಟ್ಟಿಯಲ್ಲಿ ಮಾತ್ರ.

ಮೂರನೇ_ಮಹಡಿ

ಹರಳಿನಷ್ಟೇ, ಎಣಿಸಬಹುದಾದಷ್ಟಿವೆ. ಊಟ ಬಿಟ್ಟಿಲ್ಲ. ನಾಳೆಯಿಂದಲೇ ದಾಟಿಸಲು ಶುರು ಮಾಡುತ್ತೇನೆ.

ಉಳ್ಳಾಲದವ

ದಾಟಿಸುವ ದಿನಗಳಲ್ಲಿ ಕರೆಂಟ್ ಹೋದರೆ ಎಂಬುದನ್ನೂ ಯೋಚಿಸಿಡಿ. ನಮ್ಮಲ್ಲಿ ಮಳೆಗಾಲದಲ್ಲಿ ಒಂದು ಮರ ತಂತಿಯ ಮೇಲೆ ಬಿತ್ತೆಂದರೆ ರಾತ್ರಿಯಿಡೀ ಕತ್ತಲೆ. ಉಪ್ಪುನೀರು ಸಿಹಿನೀರಿಗಿಂತ ಕಡಿಮೆ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ, ನೀರು ಬಿಸಿಯಾದಷ್ಟೂ ಇನ್ನೂ ಕಡಿಮೆ. ಕರೆಂಟ್ ಹೋದ ಕೂಡಲೇ ತಾನಾಗಿ ಶುರುವಾಗುವ ಬ್ಯಾಟರಿ ಗಾಳಿ ಪಂಪ್ ಸಿಗುತ್ತದೆ, ತೆಗೆದಿಡಿ. ಇನ್ವರ್ಟರ್ ಇದ್ದರೆ ಅಲೆ ಎಬ್ಬಿಸುವ ಪಂಪನ್ನು ಮಾತ್ರ ಅದಕ್ಕೆ ಕೊಡಿ, ದೀಪ ಬೇಡ. ಕರೆಂಟ್ ಬರುವವರೆಗೆ ಆಹಾರ ಹಾಕಬೇಡಿ.

ಮೂರನೇ_ಮಹಡಿ

*(ಏಪ್ರಿಲ್)*

ಎರಡೂ ಮೀನು ದೊಡ್ಡ ಟ್ಯಾಂಕಿನಲ್ಲಿವೆ, ಆರೋಗ್ಯವಾಗಿವೆ. ದೊಡ್ಡದು ಚಿಕ್ಕದನ್ನು ಅಟ್ಟಿಸುವುದು, ಚಿಕ್ಕದು ಪಕ್ಕಕ್ಕೆ ವಾಲಿ ಮೈ ನಡುಗಿಸುವುದು ನಡೆದಿದೆ.

ಹೊಸ ಸಮಸ್ಯೆ ಸೆಕೆ. ಮಧ್ಯಾಹ್ನ ನೀರು 30 ಡಿಗ್ರಿ ತೋರಿಸುತ್ತಿದೆ. ನೀರು ತಂಪಾಗಿಸುವ ಚಿಲ್ಲರ್ ಯಂತ್ರದ ಬೆಲೆ ಕೇಳಿ ಹಿಂತಿರುಗಿದೆ. ಬೇರೆ ದಾರಿ ಇದೆಯೇ?

ಕಲ್ಲುನೀರು

ಮೈ ನಡುಗಿಸುವುದು ಶರಣಾಗತಿ. ಯಾರು ಹೆಣ್ಣಾಗುತ್ತಾರೆಂದು ತೀರ್ಮಾನವಾಯಿತು.

ಮೇಲಿನ ಗಾಜಿನ ಮುಚ್ಚಳ ತೆಗೆದು ಜಾಲರಿ ಹಾಕಿ, ಮೀನು ಹಾರದಿರಲಿ. ನೀರಿನ ಮೇಲ್ಮೈಗೆ ಗಾಳಿ ಬೀಸುವಂತೆ ಎರಡು ಪುಟ್ಟ ಫ್ಯಾನ್ ಕಟ್ಟಿ. ಬೆಂಗಳೂರಿನ ಒಣ ಬೇಸಿಗೆಯಲ್ಲಿ ಆವಿಯಾಗುವುದರಿಂದಲೇ 2-3 ಡಿಗ್ರಿ ಇಳಿಯುತ್ತದೆ. ಉಳ್ಳಾಲದವರ ತೇವದ ಗಾಳಿಯಲ್ಲಿ ಈ ಉಪಾಯ ಅಷ್ಟು ಫಲಿಸುವುದಿಲ್ಲ. ದೀಪವನ್ನು ಮಧ್ಯಾಹ್ನದ ಬದಲು ಸಂಜೆ ಹಾಕಿ, ನೀವು ಮನೆಯಲ್ಲಿರುವ ಹೊತ್ತೂ ಅದೇ.

ಆದರೆ ಆವಿಯಾಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. 160 ಲೀಟರಿನಲ್ಲಿ 8 ಲೀಟರ್ ಹೋದರೆ 35 ಇದ್ದದ್ದು 36.8 ಆಗುತ್ತದೆ. ಕಡಿಮೆಯಾದದ್ದನ್ನು ಶುದ್ಧ ಸಿಹಿನೀರಿನಿಂದ ತುಂಬಿ, ಉಪ್ಪುನೀರಿನಿಂದಲ್ಲ. ಗಾಜಿಗೆ ಹೊರಗಿನಿಂದ ಒಂದು ಟೇಪ್ ಅಂಟಿಸಿ ಮಟ್ಟದ ಗುರುತು ಮಾಡಿ, ಬೆಳಿಗ್ಗೆ ಕಾಫಿಗೆ ಮುಂಚೆ ಅದರವರೆಗೆ ತುಂಬಿ. ಬೇಜಾರಾದಾಗ ತಾನಾಗಿ ತುಂಬಿಸುವ ಸೆನ್ಸರ್ ಯಂತ್ರ ಕೊಳ್ಳಬಹುದು.

ಕಬ್ಬಿಣ_ಸಿಮೆಂಟ್

ನಾನು ಇನ್ನೂ ಇಲ್ಲೇ ಇದ್ದೇನೆ. ತಿಂಗಳ ಖರ್ಚಿನ ಲೆಕ್ಕ ಕೊಡುತ್ತೀರಾ? ಮನೆಯಲ್ಲಿ ಅರ್ಜಿ ಹಾಕುವ ಯೋಚನೆ ಇದೆ.

ಮೂರನೇ_ಮಹಡಿ

ಬಂದೇಬಿಟ್ಟಿರಾ! ವಿದ್ಯುತ್: 90 ವ್ಯಾಟಿನ ದೀಪ ದಿನಕ್ಕೆ 8 ಗಂಟೆ, ಪಂಪುಗಳು ಮತ್ತು ಸ್ಕಿಮ್ಮರ್ ಸೇರಿ 45 ವ್ಯಾಟ್ ಹಗಲು ರಾತ್ರಿ. ದಿನಕ್ಕೆ 1.8 ಯೂನಿಟ್, ತಿಂಗಳಿಗೆ 54. ಉಪ್ಪು: ವಾರಕ್ಕೆ 16 ಲೀಟರ್ ಬದಲಿಸಲು ಸುಮಾರು 600 ಗ್ರಾಂ, ತಿಂಗಳಿಗೆ ಎರಡೂವರೆ ಕಿಲೋ ಹತ್ತಿರ. ಎರಡು ಮೀನಿನ ಆಹಾರ ಲೆಕ್ಕಕ್ಕೇ ಬರುವುದಿಲ್ಲ. ಟೆಸ್ಟ್ ಕಿಟ್ಟುಗಳೇ ಕೈ ಕಚ್ಚುವುದು, ಅವಕ್ಕೆ ಅವಧಿ ಮುಗಿಯುವ ದಿನಾಂಕವಿದೆ.

ಕೊನೆಯದಾಗಿ ಒಂದು ಪ್ರಶ್ನೆ ಮೇಡಂ. ಮೇ ತಿಂಗಳಲ್ಲಿ ಹತ್ತು ದಿನ ಊರಿಗೆ ಹೋಗಬೇಕು. ಎದುರು ಮನೆಯ ಆಂಟಿ ನೋಡಿಕೊಳ್ಳುತ್ತೇನೆಂದಿದ್ದಾರೆ. ಅವರು ನಮ್ಮ ಮನೆಯ ನಾಯಿಗೂ ದಿನಕ್ಕೆ ಐದು ಸಲ ಬಿಸ್ಕತ್ತು ಹಾಕುವವರು.

ಕಲ್ಲುನೀರು

ಹಾಗಾದರೆ ಜಾಗ್ರತೆ! ಮಾತ್ರೆ ಇಡಲು ಸೋಮ, ಮಂಗಳ ಎಂದು ಬರೆದ ಡಬ್ಬಿ ಔಷಧದ ಅಂಗಡಿಯಲ್ಲಿ ಸಿಗುತ್ತದೆ, ಎರಡು ತನ್ನಿ. ಒಂದೊಂದು ಖಾನೆಗೆ ಒಂದು ದಿನದ ಹರಳು, ಅದೂ ದಿನ ಬಿಟ್ಟು ದಿನ ಸಾಕು. ನೀರು ಸೇರಿಸಲು ಐದಾರು ಬಾಟಲಿಗಳಲ್ಲಿ ಶುದ್ಧ ನೀರು ತುಂಬಿಸಿ ಸಾಲಾಗಿ ನಿಲ್ಲಿಸಿ, ಟೇಪಿನ ಗುರುತು ತೋರಿಸಿ. ಸ್ಕಿಮ್ಮರ್ ಕಪ್ಪನ್ನು ಹೊರಡುವ ಮುಂಚೆ ತೊಳೆದು ತುಸು ತಗ್ಗಿಸಿಡಿ, ಉಕ್ಕುವುದಿಲ್ಲ.

ಉಳಿದ ಆಹಾರದ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಊರಿಗೆ ತೆಗೆದುಕೊಂಡು ಹೋಗಿ.